ಯೋಸ್ತಾ ಲಾರ್ಸನ್‌ರ ಕೆಳದವಡೆ: ಮೊದಲ ಟೈಟಾನಿಯಂ ಇಂಪ್ಲಾಂಟ್‌ನ 40 ವರ್ಷ

ಹಲ್ಲಿನ ಇಂಪ್ಲಾಂಟ್ ಮಾತು ಮನೆಯಲ್ಲಿ ಬಂದರೆ ಮೊದಲು ಏಳುವುದು ದುಡ್ಡಿನ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು: "ಅಷ್ಟೊಂದು ಕೊಟ್ಟ ಮೇಲೆ ಎಷ್ಟು ವರ್ಷ ಬಾಳಿಕೆ ಬರುತ್ತೆ?" ದುಡ್ಡಿನ ಲೆಕ್ಕ ಊರಿಂದ ಊರಿಗೆ ಬೇರೆ. ಬಾಳಿಕೆಯ ಬಗ್ಗೆ ಮಾತ್ರ ಒಂದು ಗಟ್ಟಿ ದಾಖಲೆ ಇದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ 1965ರಲ್ಲಿ ಯೋಸ್ತಾ ಲಾರ್ಸನ್ ಎಂಬುವರ ಕೆಳದವಡೆಯ ಮೂಳೆಗೆ ನಾಲ್ಕು ಟೈಟಾನಿಯಂ ಸ್ಕ್ರೂ ಕೂರಿಸಿದರು. 2006ರಲ್ಲಿ ಅವರು ತೀರಿಕೊಂಡಾಗ ಆ ಸ್ಕ್ರೂಗಳು ಇನ್ನೂ ಬಾಯಲ್ಲಿದ್ದವು, ಕೆಲಸವನ್ನೂ ಮಾಡುತ್ತಿದ್ದವು.

ಇವತ್ತು ದಾವಣಗೆರೆಯಲ್ಲೋ ಮಂಗಳೂರಿನಲ್ಲೋ ಒಬ್ಬರ ಬಾಯಿಗೆ ಹಾಕುವ ಟೈಟಾನಿಯಂ ಸ್ಕ್ರೂ ಈ ಪ್ರಕರಣದಿಂದಲೇ ಇಳಿದು ಬಂದದ್ದು. ಆದ್ದರಿಂದ ಇಂಪ್ಲಾಂಟ್ ಅಂದರೆ ಏನು ಅಂತ ತಿಳಿಯಬೇಕಾದರೆ ಲಾರ್ಸನ್‌ರ ದವಡೆಯಿಂದಲೇ ಶುರು ಮಾಡುವುದು ಒಳ್ಳೆಯದು. ಈ ಪ್ರಕರಣ ಓದಿದಷ್ಟೂ ನನಗೆ ಒಂದು ವಿಷಯ ಗಟ್ಟಿಯಾಗುತ್ತಾ ಹೋಗುತ್ತದೆ: ಇಂಪ್ಲಾಂಟ್ ಗೆಲ್ಲುವುದೂ ಸೋಲುವುದೂ ಮೂಳೆಯ ಒಳಗೆ, ಕಾಯುವ ದಿನಗಳಲ್ಲಿ. ಮೇಲೆ ಕಾಣುವ ಹಲ್ಲು ಆಮೇಲಿನ ಮಾತು.

ರೋಗಿಯ ಸ್ಥಿತಿ

ಲಾರ್ಸನ್‌ರಿಗೆ ಹುಟ್ಟಿನಿಂದಲೇ ಸೀಳು ಅಂಗುಳ ಇತ್ತು. ದವಡೆಯ ಆಕಾರ ಸರಿಯಿರಲಿಲ್ಲ. ಹಲವು ಹಲ್ಲುಗಳೇ ಇರಲಿಲ್ಲ. ಹಲ್ಲು ಹಾಳಾಗಿ ಕೀಳಿಸಿಕೊಂಡವರ ಕಷ್ಟ ಒಂದು ಬಗೆಯದಾದರೆ, ಇವರದು ಅದಕ್ಕಿಂತ ದೊಡ್ಡದು. ಹಲ್ಲು ಕಟ್ಟಿಸೋಣ ಅಂದರೂ ಅದು ಕೂರುವುದಕ್ಕೆ ಜಾಗವೇ ಸರಿಯಿಲ್ಲ.

ಹಲ್ಲಿನ ಸೆಟ್ ಬಾಯಲ್ಲಿ ನಿಲ್ಲುವುದು ಹೇಗೆ ಅಂತ ಒಮ್ಮೆ ನೋಡಿ. ಮೇಲಿನ ಸೆಟ್ಟು ಅಂಗುಳವನ್ನೆಲ್ಲ ಮುಚ್ಚುತ್ತದೆ. ಅಂಗುಳಕ್ಕೂ ಸೆಟ್ಟಿಗೂ ನಡುವೆ ಜೊಲ್ಲಿನ ತೆಳು ಪದರ ಇರುತ್ತದೆ. ಗಾಳಿ ಒಳಗೆ ಹೋಗದ ಹಾಗೆ ಅಂಚು ಮುಚ್ಚಿಕೊಂಡರೆ ಸೆಟ್ಟು ಅಂಟಿಕೊಂಡು ನಿಲ್ಲುತ್ತದೆ. ಅಂಗುಳವೇ ಸೀಳಿದ್ದರೆ ಈ ಹಿಡಿತ ಸಿಗುವುದು ಬಹಳ ಕಷ್ಟ. ಕೆಳಗಿನ ಸೆಟ್ಟಿನ ಪಾಡು ಇನ್ನೂ ಕೆಟ್ಟದು. ಅದಕ್ಕೆ ಅಂಗುಳದ ಆಸರೆಯೇ ಇಲ್ಲ. ಕುದುರೆ ಲಾಳದ ಆಕಾರದ ಒಂದು ಪಟ್ಟಿ, ಮಧ್ಯೆ ಸುಮ್ಮನಿರದ ನಾಲಿಗೆ, ಹೊರಗಡೆ ಕೆನ್ನೆ. ಮಾತಾಡಿದರೂ ಅಲುಗಾಡುತ್ತದೆ, ಅಗಿದರೂ ಅಲುಗಾಡುತ್ತದೆ. ಕೆಳಗಿನ ಸೆಟ್ಟನ್ನು ಡಬ್ಬಿಯಲ್ಲಿಟ್ಟು, ಮದುವೆ ಮುಂಜಿಗೆ ಮಾತ್ರ ಹಾಕಿಕೊಳ್ಳುವ ಹಿರಿಯರು ನಮ್ಮಲ್ಲೂ ಎಷ್ಟು ಜನ ಇದ್ದಾರೆ ಅಲ್ವಾ?

ಇದರ ಜೊತೆಗೆ ಮೂಳೆ ಕರಗುವ ಸಮಸ್ಯೆ. ಹಲ್ಲಿನ ಬೇರನ್ನು ಹಿಡಿದಿರುವ ದವಡೆ ಮೂಳೆ, ಹಲ್ಲು ಇರುವಷ್ಟು ದಿನ ಮಾತ್ರ ತನ್ನ ಎತ್ತರ ಅಗಲ ಉಳಿಸಿಕೊಳ್ಳುತ್ತದೆ. ಹಲ್ಲು ಹೋದ ಮೊದಲ ವರ್ಷದಲ್ಲೇ ಆ ಜಾಗದ ಮೂಳೆಯ ಅಗಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಸೆಟ್ಟು ಹಾಕಿಕೊಂಡರೆ ಇದು ನಿಲ್ಲುವುದಿಲ್ಲ, ಒತ್ತಡ ಬಿದ್ದು ವರ್ಷ ವರ್ಷವೂ ಸವೆಯುತ್ತಲೇ ಹೋಗುತ್ತದೆ. ಮೇಲಿನ ದವಡೆಗಿಂತ ಕೆಳದವಡೆಯ ಎತ್ತರ ಸುಮಾರು ನಾಲ್ಕು ಪಟ್ಟು ಜಾಸ್ತಿ ಕರಗುತ್ತದೆ. ಹೊಸದಾಗಿ ಮಾಡಿಸಿದ ಸೆಟ್ಟು ಕೆಲವು ವರ್ಷಕ್ಕೆ ಸಡಿಲವಾಗುವುದು ಇದಕ್ಕೇ. ಸೆಟ್ಟು ಹಾಗೇ ಇದೆ, ಕೆಳಗಿನ ನೆಲ ಕುಸಿದಿದೆ.

ಬ್ರಿಡ್ಜ್ ಮಾಡಿಸಬಹುದಿತ್ತಲ್ಲ ಅನ್ನಬಹುದು. ಬ್ರಿಡ್ಜ್‌ಗೆ ಎರಡೂ ಪಕ್ಕದಲ್ಲಿ ಗಟ್ಟಿ ಹಲ್ಲು ಬೇಕು. ಅವನ್ನು ಅರೆದು ಚಿಕ್ಕದು ಮಾಡಿ, ಮೇಲೆ ಕ್ಯಾಪ್ ಹಾಕಿ, ನಡುವೆ ಇಲ್ಲದ ಹಲ್ಲನ್ನು ತೂಗುಹಾಕಬೇಕು. ಸಾಲಾಗಿ ಹಲ್ಲುಗಳೇ ಇಲ್ಲದ ಕಡೆ ಯಾವುದಕ್ಕೆ ಕಟ್ಟುವುದು?

ಅಲ್ಲಿಯವರೆಗಿನ ಪ್ರಯತ್ನಗಳು

ಮೂಳೆಗೆ ಲೋಹ ಕೂರಿಸಿ ಹಲ್ಲು ನಿಲ್ಲಿಸುವ ಆಸೆ 1965ಕ್ಕೆ ಹೊಸದೇನೂ ಆಗಿರಲಿಲ್ಲ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಸ್ಟ್ರಾಕ್ ಸಹೋದರರು ವೈಟಾಲಿಯಂ ಎಂಬ ಮಿಶ್ರಲೋಹದ ಸ್ಕ್ರೂ ಹಾಕಿದ್ದರು. 1940ರ ದಶಕದಲ್ಲಿ ಸ್ವೀಡನ್ನಿನವರೇ ಆದ ಗುಸ್ತಾವ್ ಡಾಲ್, ಮೂಳೆಯ ಮೇಲೆ ಒಸಡಿನ ಅಡಿಯಲ್ಲಿ ಲೋಹದ ಚೌಕಟ್ಟು ಕೂರಿಸುವ ವಿಧಾನ ತಂದರು. 1960ರ ದಶಕದಲ್ಲಿ ನ್ಯೂಯಾರ್ಕಿನ ಲೆನಾರ್ಡ್ ಲಿಂಕೊ ಚಪ್ಪಟೆ ಬ್ಲೇಡಿನ ಆಕಾರದ ಇಂಪ್ಲಾಂಟ್ ಬಳಕೆಗೆ ತಂದರು.

ಕೆಲವರಿಗೆ ಇವು ವರ್ಷಗಟ್ಟಲೆ ನಿಂತವು. ಬಹಳ ಜನರಿಗೆ ನಿಲ್ಲಲಿಲ್ಲ. ಕಾರಣ ಹೆಚ್ಚಾಗಿ ಒಂದೇ. ಲೋಹಕ್ಕೂ ಮೂಳೆಗೂ ನಡುವೆ ಮೆತ್ತನೆಯ ನಾರಿನಂಥ ಪದರ ಬೆಳೆಯುತ್ತಿತ್ತು. ಹೊರಗಿನ ವಸ್ತುವನ್ನು ಸುತ್ತುವರಿದು ಬೇರೆ ಇಡುವುದು ದೇಹದ ಸ್ವಭಾವ. ಆ ಪದರ ಬಂತೆಂದರೆ ಇಂಪ್ಲಾಂಟ್ ಸ್ವಲ್ಪ ಅಲುಗಾಡುತ್ತದೆ, ಅಲುಗಾಡಿದಷ್ಟೂ ಪದರ ದಪ್ಪವಾಗುತ್ತದೆ, ಬ್ಯಾಕ್ಟೀರಿಯಾ ಇಳಿಯುತ್ತದೆ, ಕೀವು ಆಗುತ್ತದೆ. ಕೊನೆಗೆ ಇಂಪ್ಲಾಂಟ್ ಹೋಗುವಾಗ ಸುತ್ತಲಿನ ಮೂಳೆಯನ್ನೂ ತಿಂದುಕೊಂಡು ಹೋಗುತ್ತದೆ. ಆ ಕಾಲದ ಬಹಳಷ್ಟು ಹಲ್ಲಿನ ವೈದ್ಯರು ಇಂಪ್ಲಾಂಟ್ ಅಂದರೆ ಮೂಗು ಮುರಿಯುತ್ತಿದ್ದರು. ಇಂಥ ಬಾಯಿಗಳನ್ನು ಕಣ್ಣಾರೆ ಕಂಡವರು ಅವರು. ಅವರ ಅನುಮಾನಕ್ಕೆ ಕಾರಣ ಇತ್ತು ಅಂತಲೇ ನಾನು ಹೇಳುತ್ತೇನೆ.

ಮೊಲದ ಕಾಲಿನಲ್ಲಿ ಸಿಕ್ಕ ಸುಳಿವು

ಲಾರ್ಸನ್‌ರಿಗೆ ಸ್ಕ್ರೂ ಹಾಕಿದ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಹಲ್ಲಿನ ವೈದ್ಯರಲ್ಲ. 1929ರಲ್ಲಿ ಹುಟ್ಟಿದ ಅವರು ವೈದ್ಯಕೀಯ ಓದಿದವರು, ದೇಹರಚನೆಯ ಸಂಶೋಧಕರು. 1952ರಲ್ಲಿ ಲುಂಡ್ ವಿಶ್ವವಿದ್ಯಾಲಯದಲ್ಲಿ ಅವರಿಗೆ ಬೇಕಾಗಿದ್ದದ್ದು ರಕ್ತದ ಓಡಾಟ ನೋಡುವುದು. ಜೀವಂತ ಮೂಳೆಯ ಮಜ್ಜೆಯಲ್ಲಿ ರಕ್ತ ಹೇಗೆ ಹರಿಯುತ್ತದೆ, ಗಾಯವಾದಾಗ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಮೊಲದ ಕಾಲಿನ ಮೂಳೆಯೊಳಗೆ ಒಂದು ಪುಟ್ಟ ನೋಡುಗೂಡು ಕೂರಿಸಿದರು. ಅದರ ಒಳಗೆ ಬೆಳಕು ಹಾಯುವ ಕಿಂಡಿ, ಹೊರ ಕವಚ ಟೈಟಾನಿಯಂನದು. ಸೂಕ್ಷ್ಮದರ್ಶಕ ಇಟ್ಟು ತಿಂಗಳುಗಟ್ಟಲೆ ನೋಡಿದರು.

ಕೆಲಸ ಮುಗಿದ ಮೇಲೆ ಆ ಗೂಡುಗಳನ್ನು ಬಿಚ್ಚಿ ಮತ್ತೆ ಬಳಸೋಣ ಅಂತ ಹೊರಟರು. ಅವು ಬರಲೇ ಇಲ್ಲ. ಲೋಹದ ಮೈಯ ಸಣ್ಣ ಸಣ್ಣ ಏರುತಗ್ಗುಗಳ ಒಳಗೆಲ್ಲ ಮೂಳೆ ಬೆಳೆದು ಕೂತಿತ್ತು. ಎಳೆದರೆ ಮೂಳೆ ಮುರಿಯಬೇಕೇ ಹೊರತು ಲೋಹ ಬಿಡುವ ಹಾಗಿರಲಿಲ್ಲ. ನಡುವೆ ಆ ಮೆತ್ತನೆಯ ಪದರ ಇರಲಿಲ್ಲ.

ಬೇರೆಯವರಾಗಿದ್ದರೆ ಇದನ್ನು ಉಪಕರಣ ಹಾಳಾಯಿತು ಅಂತ ಬರೆದು ಮುಂದೆ ಹೋಗುತ್ತಿದ್ದರೇನೋ. ಬ್ರೋನೆಮಾರ್ಕ್ ಅಲ್ಲೇ ನಿಂತರು. ಮೊಲದಿಂದ ನಾಯಿಗೆ ಹೋದರು. ನಾಯಿಗಳ ದವಡೆಯಲ್ಲಿ ಸ್ಕ್ರೂ ಕೂರಿಸಿ ವರ್ಷಗಟ್ಟಲೆ ಗಮನಿಸಿದರು. ಮನುಷ್ಯರ ಮೈ ಟೈಟಾನಿಯಂನ್ನು ತಾಳಿಕೊಳ್ಳುತ್ತದೆಯೇ ಅಂತ ನೋಡಲು, ತಾವಾಗಿ ಮುಂದೆ ಬಂದ ವಿದ್ಯಾರ್ಥಿಗಳ ತೋಳಿನಲ್ಲೂ ಇಂಥ ಗೂಡು ಕೂರಿಸಿ ಪರೀಕ್ಷಿಸಿದರು. 1952ರಿಂದ 1965. ಒಂದು ಸ್ಕ್ರೂ ಒಬ್ಬ ರೋಗಿಯ ಬಾಯಿಗೆ ಹೋಗುವ ಮುಂಚೆ 13 ವರ್ಷ. ನನಗೆ ಈ ಪ್ರಕರಣದಲ್ಲಿ ತುಂಬಾ ಗೌರವ ಹುಟ್ಟಿಸುವ ಭಾಗ ಇದು.

ಟೈಟಾನಿಯಂನಲ್ಲಿ ಅಂಥದ್ದೇನಿದೆ? ಗಾಳಿ ತಾಕಿದ ಕೂಡಲೇ ಅದರ ಮೈ ಮೇಲೆ ಆಕ್ಸೈಡಿನ ಒಂದು ಪದರ ಕಟ್ಟುತ್ತದೆ. ಕೆಲವೇ ನ್ಯಾನೊಮೀಟರ್ ದಪ್ಪ. ದೇಹದ ಜೀವಕೋಶಗಳಿಗೆ ಎದುರಾಗುವುದು ಆ ಆಕ್ಸೈಡೇ, ಬರಿ ಲೋಹ ಅಲ್ಲ. ಅದು ತುಕ್ಕು ಹಿಡಿಯುವುದಿಲ್ಲ, ಕರಗಿ ಮೈಗೆ ಸೇರುವುದೂ ತೀರಾ ಕಡಿಮೆ. ಗೀಚು ಬಿದ್ದರೂ ಪದರ ಮತ್ತೆ ಕೂಡಿಕೊಳ್ಳುತ್ತದೆ. ಅದರ ಮೇಲೆ ಮೂಳೆ ಕಟ್ಟುವ ಕೋಶಗಳು ನಿರಾಳವಾಗಿ ಬಂದು ಕೂರುತ್ತವೆ. ಹೀಗೆ ಮೂಳೆ ನೇರವಾಗಿ ಲೋಹಕ್ಕೆ ಕೂಡಿಕೊಳ್ಳುವುದನ್ನು ಬ್ರೋನೆಮಾರ್ಕ್ ತಂಡ ಆಸಿಯೋಇಂಟಿಗ್ರೇಷನ್ ಅಂತ ಕರೆಯಿತು.

1965ರ ಶಸ್ತ್ರಚಿಕಿತ್ಸೆ, ಆಮೇಲಿನ ಕಾಯುವಿಕೆ

ಲಾರ್ಸನ್‌ರ ಕಾಲಕ್ಕೆ ಸಿ.ಟಿ. ಸ್ಕ್ಯಾನ್ ಹುಟ್ಟಿರಲಿಲ್ಲ. ಈಗಿನ ಹಾಗೆ ದವಡೆಯನ್ನು ಮೂರು ದಿಕ್ಕಿನಿಂದ ಪರದೆ ಮೇಲೆ ತಿರುಗಿಸಿ ನೋಡುವ ಅನುಕೂಲ ಇರಲಿಲ್ಲ. ಎಕ್ಸ್-ರೇ, ಬೆರಳು, ಅನುಭವ, ಇಷ್ಟೇ.

ಗೋಥೆನ್‌ಬರ್ಗ್ ತಂಡ ಮುಂದೆ ಪಕ್ಕಾ ಮಾಡಿದ ಕ್ರಮ ಹೀಗಿದೆ. ಒಸಡನ್ನು ಕೊಯ್ದು ಸರಿಸುತ್ತಾರೆ, ಬಿಳಿ ಮೂಳೆ ಕಾಣುತ್ತದೆ. ಮೊದಲು ಸಣ್ಣ ಡ್ರಿಲ್ಲು, ಆಮೇಲೆ ಸ್ವಲ್ಪ ದಪ್ಪನೆಯದು, ಆಮೇಲೆ ಇನ್ನೂ ಸ್ವಲ್ಪ ದಪ್ಪನೆಯದು. ಒಂದೇ ಏಟಿಗೆ ದೊಡ್ಡ ತೂತು ಕೊರೆಯುವುದಿಲ್ಲ. ನಿಧಾನ ವೇಗ, ಉದ್ದಕ್ಕೂ ತಣ್ಣನೆಯ ಸಲೈನ್ ಸುರಿಯುತ್ತಿರಬೇಕು. ಯಾಕೆಂದರೆ ಮೂಳೆ ಬಿಸಿಯನ್ನು ತಾಳುವುದಿಲ್ಲ. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಾಗಿದರೆ ಮೂಳೆಯ ಕೋಶಗಳಿಗೆ ಏಟು ಬೀಳುತ್ತದೆ ಎಂದು ಇದೇ ಗೋಥೆನ್‌ಬರ್ಗ್‌ನ ಎರಿಕ್ಸನ್, ಆಲ್ಬ್ರೆಕ್ಟ್‌ಸನ್ 1983ರಲ್ಲಿ ಮೊಲಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಸ್ನಾನದ ನೀರು ಸ್ವಲ್ಪ ಜಾಸ್ತಿ ಕಾದರೆ ಅಷ್ಟೇ ಬಿಸಿ ಇರುತ್ತದೆ! ಸತ್ತ ಮೂಳೆ ಯಾವ ಲೋಹವನ್ನೂ ಹಿಡಿಯುವುದಿಲ್ಲ.

ತೂತು ಸಿದ್ಧವಾದ ಮೇಲೆ ಸ್ಕ್ರೂವನ್ನು ನಿಧಾನವಾಗಿ ತಿರುಗಿಸಿ ಇಳಿಸುತ್ತಾರೆ. ಬ್ರೋನೆಮಾರ್ಕ್ ಪದ್ಧತಿಯ ಮಾಮೂಲಿ ಸ್ಕ್ರೂ 3.75 ಮಿಲಿಮೀಟರ್ ದಪ್ಪ. ಕಿರುಬೆರಳಿನ ಉಗುರಿನ ಅರ್ಧ ಅಗಲವೂ ಇಲ್ಲ. ಅದರ ತಲೆಗೆ ಒಂದು ಪುಟ್ಟ ಮುಚ್ಚಳ ಹಾಕಿ, ಒಸಡನ್ನು ಮೇಲೆ ಎಳೆದು ಹೊಲಿಗೆ ಹಾಕುತ್ತಾರೆ. ಹಲ್ಲು? ಅವತ್ತು ಇಲ್ಲ. ಕೆಳದವಡೆಗಾದರೆ ಮೂರು ತಿಂಗಳು, ಮೇಲಿನದಕ್ಕಾದರೆ ಆರು ತಿಂಗಳು ಆದ ಮೇಲೆ ಒಸಡನ್ನು ಮತ್ತೆ ಬಿಚ್ಚಿ, ಸ್ಕ್ರೂ ಮೇಲೆ ಒಂದು ಪುಟ್ಟ ಕಂಬ ಜೋಡಿಸಿ, ಅದರ ಮೇಲೆ ಹಲ್ಲು. ಲಾರ್ಸನ್‌ರೂ ಹೀಗೆ ತಿಂಗಳುಗಟ್ಟಲೆ ಕಾದವರು.

ಆ ತಿಂಗಳುಗಳಲ್ಲಿ ಒಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಾಕಿದ ದಿನ ಸ್ಕ್ರೂ ಗಟ್ಟಿಯಾಗಿಯೇ ಇರುತ್ತದೆ. ಅದು ಬರಿ ತಿರುಪಿನ ಬಿಗಿತ, ಸ್ಕ್ರೂವಿನ ಎಳೆ ಮೂಳೆಯನ್ನು ಕಚ್ಚಿಕೊಂಡಿರುವುದರಿಂದ ಬಂದದ್ದು. ಸುತ್ತ ರಕ್ತ ಹೆಪ್ಪುಗಟ್ಟುತ್ತದೆ. ಕೊರೆಯುವಾಗ ನೊಂದ ಹಳೆ ಮೂಳೆಯನ್ನು ದೇಹ ಮೊದಲು ತೆಗೆದುಹಾಕುತ್ತದೆ. ಹೀಗಾಗಿ ಎರಡರಿಂದ ನಾಲ್ಕನೆಯ ವಾರದ ಹೊತ್ತಿಗೆ ಸ್ಕ್ರೂ ಮೊದಲ ದಿನಕ್ಕಿಂತ ಸಡಿಲ! ನೋವು ಇರುವುದಿಲ್ಲ, ಊತ ಇಳಿದಿರುತ್ತದೆ, ರೋಗಿಗೆ ಎಲ್ಲ ಸರಿಹೋಯಿತು ಅನಿಸುತ್ತದೆ. ಒಳಗೆ ಮಾತ್ರ ಅದು ಅತಿ ನಾಜೂಕಾದ ಸಮಯ. ಆಮೇಲೆ ಹೊಸ ಮೂಳೆ ಬಂದು, ಗಟ್ಟಿಯಾಗಿ, ಲೋಹವನ್ನು ಹಿಡಿಯುತ್ತದೆ. ಈ ನಡುವೆ ಸ್ಕ್ರೂ 0.15 ಮಿಲಿಮೀಟರ್‌ನಷ್ಟು ಮತ್ತೆ ಮತ್ತೆ ಅಲುಗಾಡಿದರೂ ಸಾಕು, ಮೂಳೆ ಬರಬೇಕಾದ ಜಾಗದಲ್ಲಿ ನಾರು ಬಂದುಬಿಡುತ್ತದೆ. ಕಂಬ ನೆಟ್ಟು, ಕಾಂಕ್ರೀಟು ಹಸಿಯಿರುವಾಗಲೇ ದನ ಕಟ್ಟಿದರೆ ಏನಾಗುತ್ತದೋ ಅದೇ.

ಹಳೆಯ ಇಂಪ್ಲಾಂಟ್‌ಗಳಿಗೂ ಲಾರ್ಸನ್‌ರದಕ್ಕೂ ಇದ್ದ ದೊಡ್ಡ ವ್ಯತ್ಯಾಸ ಇಲ್ಲಿದೆ. ಟೈಟಾನಿಯಂ ಒಂದು ಕಾರಣ, ನಿಜ. ಕಾದದ್ದು ಇನ್ನೊಂದು, ಅಷ್ಟೇ ದೊಡ್ಡ ಕಾರಣ.

ಒಪ್ಪಿಕೊಳ್ಳಲು ಹಿಡಿದ ಕಾಲ

ಲಾರ್ಸನ್ ಊಟ ಮಾಡುತ್ತಿದ್ದರು, ಮಾತಾಡುತ್ತಿದ್ದರು. ಆದರೂ ಹಲ್ಲಿನ ವೈದ್ಯಲೋಕ ಸುಲಭವಾಗಿ ಒಪ್ಪಲಿಲ್ಲ. ಹಲ್ಲಿನ ವೈದ್ಯರೇ ಅಲ್ಲದವರು ಬಂದು ಬಾಯಿಗೆ ಕೈ ಹಾಕಿದ್ದಾರೆ ಎಂಬ ಅಸಮಾಧಾನ ಒಂದು ಕಡೆ, ಹಳೆಯ ಇಂಪ್ಲಾಂಟ್‌ಗಳ ಕಹಿ ಇನ್ನೊಂದು ಕಡೆ. 1970ರ ದಶಕದ ಮಧ್ಯದಲ್ಲಿ ಸ್ವೀಡನ್ನಿನ ಆರೋಗ್ಯ ಮಂಡಳಿ ಹೊರಗಿನ ಪ್ರೊಫೆಸರ್‌ಗಳಿಂದ ಪರಿಶೀಲನೆ ಮಾಡಿಸಿತು. ವರದಿ ಪರವಾಗಿ ಬಂತು. 1977ರಲ್ಲಿ ಬ್ರೋನೆಮಾರ್ಕ್ ತಂಡ ಹತ್ತು ವರ್ಷದ ಅನುಭವವನ್ನು ಪ್ರಕಟಿಸಿತು. ಅದೇ ವರ್ಷ ಗೋಥೆನ್‌ಬರ್ಗ್‌ನಲ್ಲಿ ಕಿವಿಯ ಹಿಂದಿನ ಮೂಳೆಗೆ ಇದೇ ಬಗೆಯ ಸ್ಕ್ರೂ ಕೂರಿಸಿ, ಅದಕ್ಕೆ ಶ್ರವಣಯಂತ್ರ ಜೋಡಿಸುವ ಕೆಲಸವೂ ಶುರುವಾಯಿತು.

1981ರಲ್ಲಿ ಬಂದ 15 ವರ್ಷಗಳ ವರದಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. 371 ರೋಗಿಗಳು, ಒಂದೂ ಹಲ್ಲಿಲ್ಲದ 410 ದವಡೆಗಳು, 2,768 ಸ್ಕ್ರೂಗಳು. ಐದರಿಂದ ಒಂಬತ್ತು ವರ್ಷ ಗಮನಿಸಿದ ಗುಂಪಿನಲ್ಲಿ ಕೆಳದವಡೆಯ ಸ್ಕ್ರೂಗಳಲ್ಲಿ 91%, ಮೇಲಿನ ದವಡೆಯಲ್ಲಿ 81% ಗಟ್ಟಿಯಾಗಿ ನಿಂತಿದ್ದವು. ಇಲ್ಲಿ ಎರಡು ಪಾಠ ಇವೆ. ಕೆಳಗಿನ ದವಡೆಯ ಮುಂಭಾಗದ ಮೂಳೆ ದಟ್ಟ, ಮೇಲಿನದರದು ಸ್ಪಂಜಿನ ಹಾಗೆ ಮೆತ್ತಗೆ. ಅದಕ್ಕೇ ಮೇಲಿನ ದವಡೆಗೆ ಜಾಸ್ತಿ ಕಾಯಬೇಕು, ಜಾಸ್ತಿ ಎಚ್ಚರವೂ ಬೇಕು. ಎರಡನೆಯದು, ಪ್ರತಿ ಸ್ಕ್ರೂ ಗೆಲ್ಲುವುದಿಲ್ಲ. 100ರಲ್ಲಿ 9 ಹೋದರೂ ಕೆಳದವಡೆಯಲ್ಲಿ ಅವುಗಳ ಮೇಲೆ ನಿಂತ ಹಲ್ಲುಸಾಲುಗಳು ಎಲ್ಲವೂ ಉಳಿದಿದ್ದವು. ಒಂದು ಸ್ಕ್ರೂ ಕೈಕೊಟ್ಟರೆ ಉಳಿದವು ಹೊರುತ್ತವೆ.

ಮುಂದಿನ ವರ್ಷ, 1982ರಲ್ಲಿ, ಕೆನಡಾದ ಟೊರಾಂಟೊದಲ್ಲಿ ಜಾರ್ಜ್ ಜಾರ್ಬ್ ಒಂದು ಸಮ್ಮೇಳನ ಕರೆದರು. ಉತ್ತರ ಅಮೆರಿಕದ ದಂತ ಕಾಲೇಜುಗಳವರು ಬಂದು ಈ ದಾಖಲೆಗಳನ್ನು ನೋಡಿದರು. ಅಲ್ಲಿಂದ ಮುಂದೆ ಇಂಪ್ಲಾಂಟ್ ಎಲ್ಲ ಕಡೆಗೂ ಹಬ್ಬಿತು. ಲಾರ್ಸನ್‌ರ ಬಾಯಲ್ಲಿ ಆ ಸ್ಕ್ರೂಗಳು ಆಗಲೇ 17 ವರ್ಷ ಕಳೆದಿದ್ದವು.

ಈ ಪ್ರಕರಣದಿಂದ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು

ಒಬ್ಬರಿಗೆ 40 ವರ್ಷ ಬಂತು ಅಂದ ಮಾತ್ರಕ್ಕೆ ಎಲ್ಲರಿಗೂ ಬರುತ್ತದೆ ಅಂತ ಹೇಳಲಾಗದು. ಯಾರಾದರೂ "ಲೈಫ್‌ಟೈಮ್ ಗ್ಯಾರಂಟಿ" ಅಂದರೆ, ಗ್ಯಾರಂಟಿ ಯಾವುದಕ್ಕೆ ಅಂತ ಕೇಳಿ. ಬಹಳ ಸಲ ಅದು ಲೋಹದ ತುಂಡಿಗೆ ಕಂಪನಿ ಕೊಡುವ ಮಾತು. ನಿಮ್ಮ ಮೂಳೆಗೆ ಯಾರೂ ಗ್ಯಾರಂಟಿ ಕೊಡಲಾರರು.

ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ, ಅದು ನಿಜ. ಹಾಗಂತ ಅದಕ್ಕೆ ರೋಗವೇ ಇಲ್ಲ ಅಂದುಕೊಳ್ಳಬಾರದು. ಅಂಚಿನಲ್ಲಿ ಪಾಚಿ ಕಟ್ಟಿ ಒಸಡು ಊದಿಕೊಂಡರೆ, ಅದು ನಿಧಾನಕ್ಕೆ ಮೂಳೆಗೆ ಇಳಿಯುತ್ತದೆ. ಇದಕ್ಕೆ ಪೆರಿ-ಇಂಪ್ಲಾಂಟೈಟಿಸ್ ಅನ್ನುತ್ತಾರೆ. ನಮ್ಮ ಸ್ವಂತ ಹಲ್ಲಿಗೂ ಮೂಳೆಗೂ ನಡುವೆ ಒಂದು ತೆಳು ನಾರಿನ ಹಾಸು ಇದೆ. ಅದು ಅಕ್ಕಿಯಲ್ಲಿ ಸಿಕ್ಕ ಸಣ್ಣ ಕಲ್ಲನ್ನೂ ತಕ್ಷಣ ಹೇಳುತ್ತದೆ. ಇಂಪ್ಲಾಂಟ್‌ಗೆ ಆ ಹಾಸಿಲ್ಲ. ಕಚ್ಚಿದ ಜೋರು ಅಷ್ಟು ಬೇಗ ಗೊತ್ತಾಗುವುದಿಲ್ಲ, ಹಾಳಾಗುವಾಗ ನೋವೂ ಜಾಸ್ತಿ ಬರುವುದಿಲ್ಲ. ಆದ್ದರಿಂದ ನೋವಾದಾಗ ಹೋಗೋಣ ಅಂದರೆ ತಡವಾಗಿರುತ್ತದೆ. ಬ್ರಷ್ಷು, ನಡುವೆ ತೂರಿಸುವ ಸಣ್ಣ ಬ್ರಷ್ಷು, ಆಗಾಗ ಡಾಕ್ಟರ ಹತ್ತಿರ ಒಂದು ಎಕ್ಸ್-ರೇ. ಮೊದಲ ವರ್ಷ ಅಂಚಿನ ಮೂಳೆ ಸ್ವಲ್ಪ ಇಳಿಯುವುದು ಮಾಮೂಲಿ. ಆಮೇಲೆ ವರ್ಷಕ್ಕೆ 0.2 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು ಎಂಬುದು 1986ರಲ್ಲಿ ಆಲ್ಬ್ರೆಕ್ಟ್‌ಸನ್ ಮತ್ತು ಜೊತೆಗಾರರು ಇಟ್ಟ ಅಳತೆ. ಹಾಕಿದ ದಿನದ ಎಕ್ಸ್-ರೇ ಜೋಪಾನವಾಗಿದ್ದರೆ ಮಾತ್ರ ಇದನ್ನು ಹೋಲಿಸಿ ನೋಡಲು ಸಾಧ್ಯ.

ಕಾಯುವ ವಿಷಯ ಈಗ ಬಹಳ ಬದಲಾಗಿದೆ. ಸ್ಕ್ರೂವಿನ ಮೈಯನ್ನು ಈಗ ಬೇಕಂತಲೇ ಒರಟು ಮಾಡುತ್ತಾರೆ, ಮೂಳೆ ಬೇಗ ಹಿಡಿಯುತ್ತದೆ. ಪೋರ್ಚುಗಲ್ಲಿನ ಪಾಲೊ ಮಾಲೊ 2003ರಲ್ಲಿ ಪ್ರಕಟಿಸಿದ "ಆಲ್-ಆನ್-ಫೋರ್" ವಿಧಾನದಲ್ಲಿ ನಾಲ್ಕು ಸ್ಕ್ರೂಗಳ ಮೇಲೆ ಒಂದಿಡೀ ಹಲ್ಲುಸಾಲು ಕೂಡಲೇ ನಿಲ್ಲುತ್ತದೆ. ಅದು ನಿಲ್ಲುವುದು ನಾಲ್ಕನ್ನೂ ಒಂದಕ್ಕೊಂದು ಗಟ್ಟಿಯಾಗಿ ಬಿಗಿದಿರುವುದರಿಂದ. ಯಾವೊಂದೂ ಒಂಟಿಯಾಗಿ ಅಲುಗಾಡುವ ಹಾಗಿಲ್ಲ. ಅಂದರೆ ಹಳೆಯ ನಿಯಮ ಮುರಿದಿಲ್ಲ. ಅಲುಗಾಟ ತಪ್ಪಿಸುವ ದಾರಿ ಬೇರೆಯಾಗಿದೆ. ನಮ್ಮ ಊರುಗಳ ಫಲಕಗಳಲ್ಲಿ "ಮೂರೇ ದಿನದಲ್ಲಿ ಫಿಕ್ಸ್ ಹಲ್ಲು" ಅಂತ ಕಾಣುತ್ತದಲ್ಲ, ಅದು ಕೆಲವರಿಗೆ ಆಗುತ್ತದೆ. ಎಲ್ಲರಿಗೂ ಆಗುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. ನಿಮ್ಮ ಮೂಳೆ ಎಷ್ಟು, ಸ್ಕ್ರೂ ಮೊದಲ ದಿನ ಎಷ್ಟು ಬಿಗಿಯಾಗಿ ಕೂತಿತು ಎಂದು ಅಳೆದ ಮೇಲೇ ಆ ಮಾತು ಬರಬೇಕು.

ನಮ್ಮ ಬಾಯಿಗಳ ವಿಚಾರ

ಲಾರ್ಸನ್‌ರ ದವಡೆಗೆ ಸ್ಕ್ರೂ ಬಿದ್ದ 1965ರಲ್ಲೇ ಮಣಿಪಾಲದ ದಂತ ಕಾಲೇಜು ಶುರುವಾಯಿತು. ಇವತ್ತು ಕರ್ನಾಟಕದಲ್ಲಿ ಹತ್ತಾರು ದಂತ ಕಾಲೇಜುಗಳಿವೆ, ಇಂಪ್ಲಾಂಟ್ ಹಾಕುವ ಕ್ಲಿನಿಕ್ಕುಗಳು ತಾಲ್ಲೂಕು ಕೇಂದ್ರಗಳವರೆಗೂ ಬಂದಿವೆ. ಸಾಧನದ ಕೊರತೆ ಇಲ್ಲ. ಕೊರತೆ ಇರುವುದು ಸಮಯಕ್ಕೆ ಸರಿಯಾಗಿ ಹೋಗುವುದರಲ್ಲಿ.

ನಮ್ಮ ಊಟವೇ ಇದಕ್ಕೆ ಸ್ವಲ್ಪ ಕಾರಣ ಅನಿಸುತ್ತದೆ. ಹಳೇ ಮೈಸೂರು ಕಡೆ ಮುದ್ದೆ ನುಂಗುತ್ತೇವೆ, ಅನ್ನ ಸಾರು ಮೆತ್ತಗೆ ಕಲಸಿಕೊಳ್ಳುತ್ತೇವೆ. ಒಂದು ದವಡೆ ಹಲ್ಲು ಹೋದರೆ ಊಟ ನಿಲ್ಲುವುದಿಲ್ಲ. ಇನ್ನೊಂದು ಪಕ್ಕದಲ್ಲಿ ಅಗಿಯುತ್ತಾ ವರ್ಷಗಳು ಕಳೆಯುತ್ತವೆ. ಬಿಜಾಪುರದ ಕಡೆಯವರಿಗೆ ಕಟಕ ರೊಟ್ಟಿ ತಿನ್ನಲಾಗದೆ ಬೇಗ ಗೊತ್ತಾಗುತ್ತದೇನೋ. ಅಷ್ಟರಲ್ಲಿ ಖಾಲಿ ಜಾಗದ ಮೂಳೆ ಕರಗಿರುತ್ತದೆ, ಪಕ್ಕದ ಹಲ್ಲು ವಾಲಿರುತ್ತದೆ, ಮೇಲಿನ ಹಲ್ಲು ಕೆಳಗೆ ಇಳಿದಿರುತ್ತದೆ. ಆಗ ಇಂಪ್ಲಾಂಟ್‌ಗೆ ಹೋದರೆ ಮೂಳೆ ಕಟ್ಟುವ ಇನ್ನೊಂದು ಶಸ್ತ್ರಚಿಕಿತ್ಸೆ ಸೇರಿಕೊಳ್ಳುತ್ತದೆ, ಖರ್ಚೂ ಕಾಯುವ ಕಾಲವೂ ಏರುತ್ತವೆ. ಹಲ್ಲು ಕೀಳಿಸುವ ದಿನವೇ "ಮುಂದೆ ಏನು" ಅಂತ ಕೇಳಿಕೊಂಡು ಬರಬೇಕು. ಕೂಡಲೇ ಹಾಕಿಸುವ ಶಕ್ತಿ ಇಲ್ಲದಿದ್ದರೂ ಪ್ರಶ್ನೆ ಕೇಳಲು ದುಡ್ಡು ಬೇಡ.

ಎರಡನೆಯದು ಅಡಿಕೆ, ಗುಟ್ಕಾ. ದೇಶದಲ್ಲೇ ಜಾಸ್ತಿ ಅಡಿಕೆ ಬೆಳೆಯುವವರು ನಾವು. ಅಡಿಕೆ ಜಗಿಯುವ ಅಭ್ಯಾಸದಿಂದ ಕೆನ್ನೆಯ ಒಳಪದರ ಗಟ್ಟಿಯಾಗಿ, ಬಾಯಿ ತೆರೆಯುವುದೇ ಕಮ್ಮಿಯಾಗುವ ಕಾಯಿಲೆ ಬರುತ್ತದೆ. ಎರಡು ಬೆರಳು ಹೋಗದ ಬಾಯಲ್ಲಿ ಹಿಂದಿನ ದವಡೆಗೆ ಡ್ರಿಲ್ಲು ನೇರ ಹಿಡಿಯುವುದು ಹೇಗೆ? ಅದಕ್ಕಿಂತ ಮುಖ್ಯ, ಆ ಕಾಯಿಲೆ ಕ್ಯಾನ್ಸರ್‌ಗೆ ತಿರುಗುವ ಅಪಾಯ ಇದೆ. ಅಂಥವರಿಗೆ ಮೊದಲು ಬೇಕಾದದ್ದು ಆ ಚಿಕಿತ್ಸೆ, ಆಮೇಲೆ ಹಲ್ಲು. ಬೀಡಿ ಸಿಗರೇಟು ಸೇದುವವರಲ್ಲಿ ಒಸಡಿಗೆ ರಕ್ತ ಸರಿಯಾಗಿ ಹೋಗದೆ ಇಂಪ್ಲಾಂಟ್ ಬಿದ್ದುಹೋಗುವ ಸಂಭವ ಜಾಸ್ತಿ.

ಶುಗರ್ ಇದ್ದರೆ ಇಂಪ್ಲಾಂಟ್ ಆಗುವುದಿಲ್ಲ ಅಂತ ಬಹಳ ಜನ ಹೆದರುತ್ತಾರೆ. ಹಾಗೇನಿಲ್ಲ. ಹತೋಟಿಯಲ್ಲಿರುವ ಶುಗರ್ ಅಡ್ಡಿ ಮಾಡುವುದಿಲ್ಲ. ಹತೋಟಿ ತಪ್ಪಿದ್ದರೆ ಗಾಯ ಮಾಯುವುದು ತಡ, ಸೋಂಕು ಬೇಗ. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿಸಿಕೊಂಡು ಹೋಗಿ. ಮುಚ್ಚಿಡಬಾರದ ಇನ್ನೊಂದು ವಿಷಯ ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಮಾತ್ರೆ, ಇಂಜೆಕ್ಷನ್. ಅಲೆಂಡ್ರೊನೇಟ್, ಜೋಲೆಡ್ರೊನಿಕ್ ಆಸಿಡ್ ಇಂಥವನ್ನು ತೆಗೆದುಕೊಂಡವರಲ್ಲಿ ದವಡೆಗೆ ಶಸ್ತ್ರಚಿಕಿತ್ಸೆ ಮಾಡಿದರೆ ಕೆಲವರಿಗೆ ಮೂಳೆ ಮಾಯದೆ ಹಾಗೇ ತೆರೆದುಕೊಂಡಿರುತ್ತದೆ. ಅಜ್ಜಿಯಂದಿರು, ಅಮ್ಮಂದಿರು ಈ ಮಾತ್ರೆಯನ್ನು "ಕಾಲುನೋವಿನ ಮಾತ್ರೆ" ಅಂತಷ್ಟೇ ಹೇಳುತ್ತಾರೆ. ಜೊತೆಗೆ ಹೋಗುವವರು ಚೀಟಿ ತೆಗೆದುಕೊಂಡು ಹೋಗುವುದು ವಾಸಿ.

ಮಕ್ಕಳ ವಿಷಯದಲ್ಲಂತೂ ಅವಸರ ಬೇಡವೇ ಬೇಡ. ಬೈಕಿನಿಂದ ಬಿದ್ದೋ ಆಟದಲ್ಲೋ ಮುಂದಿನ ಹಲ್ಲು ಹೋದ 13 ವರ್ಷದ ಹುಡುಗಿಗೆ ಇಂಪ್ಲಾಂಟ್ ಹಾಕಿದರೆ, ದವಡೆ ಬೆಳೆಯುತ್ತಾ ಪಕ್ಕದ ಹಲ್ಲುಗಳು ಇಳಿದು ಬರುತ್ತವೆ. ಮೂಳೆಗೆ ಕೂಡಿಕೊಂಡ ಸ್ಕ್ರೂ ಅಲ್ಲೇ ಇರುತ್ತದೆ. ಕೆಲವು ವರ್ಷಕ್ಕೆ ಆ ಹಲ್ಲು ಮೇಲೆ ಉಳಿದು ಗಿಡ್ಡವಾಗಿ ಕಾಣುತ್ತದೆ. ಬೆಳವಣಿಗೆ ಮುಗಿಯುವ ತನಕ ತಾತ್ಕಾಲಿಕ ಹಲ್ಲೇ ಸರಿ.

ಇನ್ನು ದುಡ್ಡು. ಬೆಂಗಳೂರಿನ ಖಾಸಗಿ ಕ್ಲಿನಿಕ್ಕುಗಳಲ್ಲಿ ಒಂದು ಹಲ್ಲಿಗೆ ಸ್ಕ್ರೂ, ಕ್ಯಾಪ್ ಸೇರಿ ಸಾಮಾನ್ಯವಾಗಿ 25,000ದಿಂದ 50,000 ರೂಪಾಯಿವರೆಗೆ ಕೇಳುತ್ತಾರೆ. ಹೊರದೇಶದ ದುಬಾರಿ ಬ್ರ್ಯಾಂಡ್ ಆದರೆ ಇನ್ನೂ ಮೇಲೆ. ದಂತ ಕಾಲೇಜುಗಳಲ್ಲಿ ಇದಕ್ಕಿಂತ ಕಡಿಮೆಗೆ ಆಗುವುದುಂಟು. ಆರೋಗ್ಯ ವಿಮೆಯಲ್ಲಿ ಅಪಘಾತ ಬಿಟ್ಟರೆ ಹಲ್ಲಿನ ಖರ್ಚು ಸಾಮಾನ್ಯವಾಗಿ ಬರುವುದಿಲ್ಲ. ದರ ಕೇಳುವಾಗ ಸ್ಕ್ಯಾನ್, ಮೂಳೆ ಕಟ್ಟುವುದು, ಮೇಲಿನ ಕ್ಯಾಪ್ ಇದರಲ್ಲಿ ಸೇರಿದೆಯೋ ಇಲ್ಲವೋ ಅಂತ ಬಿಡಿಸಿ ಕೇಳಿ.

ಎಲ್ಲರಿಗೂ ಇಂಪ್ಲಾಂಟೇ ಬೇಕು ಅಂತ ನಾನು ಹೇಳುವುದಿಲ್ಲ. ಪಕ್ಕದ ಎರಡೂ ಹಲ್ಲಿಗೆ ಈಗಾಗಲೇ ರೂಟ್ ಕೆನಾಲ್ ಆಗಿ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜ್ ಒಳ್ಳೆಯದೇ. ಪಕ್ಕದ ಹಲ್ಲುಗಳು ಚೆನ್ನಾಗಿದ್ದು, ಅವನ್ನು ಅರೆಯಬೇಕಾಗಿ ಬಂದರೆ ಇಂಪ್ಲಾಂಟ್ ಕಡೆ ನನ್ನ ಮನಸ್ಸು ವಾಲುತ್ತದೆ. ಪೂರ್ತಿ ಬೋಳಾದ ಕೆಳದವಡೆಯ ಹಿರಿಯರಿಗೆ ಮುಂಭಾಗದಲ್ಲಿ ಎರಡೇ ಸ್ಕ್ರೂ ಹಾಕಿ, ಸೆಟ್ಟನ್ನು ಅದಕ್ಕೆ ಗುಂಡಿಯಂತೆ ಸಿಕ್ಕಿಸುವ ವಿಧಾನ ಇದೆ. ಖರ್ಚು ಕಮ್ಮಿ, ಸೆಟ್ಟು ಮೊದಲಿನಷ್ಟು ಅಲುಗಾಡುವುದಿಲ್ಲ. ನಮ್ಮ ಮನೆಗಳ ಹಿರಿಯರಿಗೆ ಇದು ಗೊತ್ತೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ.

ಹಾಕಿಸಿಕೊಂಡ ಮೇಲೆ ಒಂದು ಕಾಗದ ತಪ್ಪದೆ ಕೇಳಿ ಪಡೆಯಿರಿ: ಸ್ಕ್ರೂವಿನ ಕಂಪನಿ, ಮಾದರಿ, ದಪ್ಪ, ಉದ್ದ, ಬ್ಯಾಚ್ ಸಂಖ್ಯೆ. ಡಬ್ಬಿಯ ಮೇಲೆ ಇದರ ಸ್ಟಿಕ್ಕರ್ ಇರುತ್ತದೆ, ಅದನ್ನೇ ಕಾರ್ಡಿಗೆ ಅಂಟಿಸಿ ಕೊಡುತ್ತಾರೆ. ಹುಬ್ಬಳ್ಳಿಯಲ್ಲಿ ಹಾಕಿಸಿಕೊಂಡವರು ಹತ್ತು ವರ್ಷಕ್ಕೆ ಮಸ್ಕತ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರಬಹುದು. ಕ್ಯಾಪ್ ಸಡಿಲವಾದರೆ ಅಲ್ಲಿನ ಡಾಕ್ಟರಿಗೆ ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ರೇ ಬೇಕು, ಒಂದು ಕಂಪನಿಯದು ಇನ್ನೊಂದಕ್ಕೆ ಬಹಳ ಸಲ ಕೂರುವುದಿಲ್ಲ. ಆ ಕಾರ್ಡಿನ ಫೋಟೊ ತೆಗೆದು ಮನೆಯವರ ಫೋನಿಗೂ ಒಂದು ಕಳಿಸಿಡಿ.